ಗಾಜಿನ ಪೆಟ್ಟಿಗೆಯಲ್ಲಿ ನನ್ನ ರಾಟೆ, ಕೌದಿಯಲ್ಲಿ ನಾನು

ಮಾನ್ಯ ಮಾಮಲೇದಾರ ಸಾಹೇಬರೇ,

ನನ್ನ ರಾಟೆ ವಾಪಸು ಕೊಡಿ. ಕಳೆದ ಅಕ್ಟೋಬರ್ ಎರಡರಂದು ‘ಒಂದು ಗಂಟೆ ಮಟ್ಟಿಗೆ’ ಎಂದು ನಿಮ್ಮ ಕಚೇರಿಯವರು ಒಯ್ದದ್ದು. ಹನ್ನೊಂದು ತಿಂಗಳಾಯಿತು. ನಿಮ್ಮ ಗಡಿಯಾರದ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ನನ್ನ ಧೋತರದ ಬಗ್ಗೆ.

ಅಂದು ನಡೆದದ್ದನ್ನು ನೆನಪಿಸುತ್ತೇನೆ. ಕಚೇರಿಗೆ ತನ್ನದೇ ಒಂದು ರಾಟೆ ಇತ್ತು. ಬ್ಯಾಟರಿ ಹಾಕಿದರೆ ಮೂರು ಬಣ್ಣದ ದೀಪ ಹತ್ತಿ ತಾನೇ ತಿರುಗುತ್ತಿತ್ತು. ನೂಲು ಸುತ್ತುವ ಕದಿರು ಮಾತ್ರ ಇರಲಿಲ್ಲ. ಅದಕ್ಕೇ ನನ್ನದು ಬೇಕಾಯಿತು. ತಾವು ಗಾದಿಯ ಮೇಲೆ ಕೂತಿರಿ, ಕ್ಯಾಮೆರಾ ನೋಡಿ ನಕ್ಕಿರಿ, ಚಕ್ರವನ್ನು ಹಿಂದುಮುಂದಾಗಿ ತಿರುಗಿಸಿದಿರಿ. ಬೆಳಗಿನಿಂದ ನಾನು ನೂತದ್ದೆಲ್ಲ ಬಿಚ್ಚಿಕೊಂಡು ತಮ್ಮ ಮಡಿಲಲ್ಲಿ ಗುಡ್ಡೆಯಾಯಿತು. ಜನ ಚಪ್ಪಾಳೆ ತಟ್ಟಿದರು. ತಾವು ಎದ್ದಾಗ ಕೋಟಿನ ಗುಂಡಿಗೆ ನೂಲು ಸುತ್ತಿಕೊಂಡು ರಾಟೆಯೂ ನಾಲ್ಕು ಹೆಜ್ಜೆ ಹಿಂದೆ ಬಂತು. ಇಷ್ಟು ನಿಷ್ಠೆ ನನಗೂ ತೋರಿಸಿರಲಿಲ್ಲ ಅದು!

ವಾರದ ನಂತರ ಕೇಳಲು ಬಂದರೆ ರಾಟೆ ಗಾಜಿನ ಪೆಟ್ಟಿಗೆಯಲ್ಲಿತ್ತು. ‘ಮಾನ್ಯ ಮಾಮಲೇದಾರರು ನೂತ ರಾಟೆ. ಮುಟ್ಟಬಾರದು’ ಎಂಬ ಫಲಕ ಬೇರೆ. ನೂತದ್ದು? ಕಾವಲಿನ ರಣಮಲ್‌ಭಾಯಿ ಅಡ್ಡ ನಿಂತ.

“ಕಾಕಾ, ಮುಟ್ಬೇಡಿ. ಇದು ರಾಷ್ಟ್ರದ ಸಂಕೇತ.”

“ಹೌದೇನೋ? ಹಾಗಾದ್ರೆ ಇಷ್ಟು ವರ್ಷ ರಾಷ್ಟ್ರ ನಮ್ಮನೆ ಮಂಚದ ಕೆಳಗಿತ್ತಾ?”

“ನನಗೇನ್ ಗೊತ್ತು ಕಾಕಾ? ಕೀಲಿ ಸಾಹೇಬ್ರ ಹತ್ರ ಇದೆ. ಬನ್ನಿ, ಚಹಾ ಕುಡೀರಿ.”

ಚಹಾ ಚೆನ್ನಾಗಿತ್ತು. ಸಾಸರಿಗೆ ಸುರಿದುಕೊಂಡು ಗಾಜಿನಾಚೆ ನನ್ನ ರಾಟೆಯನ್ನು ನೋಡುತ್ತ ಕುಡಿದೆ. ಜೈಲಿನಲ್ಲಿರುವ ನೆಂಟನನ್ನು ನೋಡಿ ಬಂದ ಹಾಗಾಯಿತು.

ಈಗ ಧೋತರಕ್ಕೆ ಬರುತ್ತೇನೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಅಪ್ಪನ ಮುಂದೆ ವ್ರತ ಹಿಡಿದೆ: ಉಟ್ಟರೆ ನಾನೇ ನೂತ ನೂಲಿನ ಬಟ್ಟೆ, ಇಲ್ಲವಾದರೆ ಇಲ್ಲ. ದಿನವೂ ನೂತು, ನೂಲನ್ನು ಲಡಿ ಕಟ್ಟಿ ನೇಕಾರನಿಗೆ ಕೊಟ್ಟು, ವರ್ಷಕ್ಕೆ ಎರಡು ಧೋತರ, ಎರಡು ಅಂಗಿ. ಐವತ್ತೈದು ವರ್ಷ ಒಂದು ದಿನವೂ ತಪ್ಪಿಲ್ಲ. ಈ ವರ್ಷ ಒಂದು ಲಡಿಯೂ ಆಗಿಲ್ಲ. ಹಳೆಯ ಧೋತರಗಳಲ್ಲಿ ಉಳಿದಿರುವುದು ಒಂದೇ, ಅದರಲ್ಲೂ ಬಟ್ಟೆಗಿಂತ ಕಿಟಕಿಯೇ ಹೆಚ್ಚು. ಅದು ಒಗೆತಕ್ಕೆ ಬಿದ್ದ ದಿನ, ಒಣಗುವವರೆಗೂ ನಾನು ಕೌದಿ ಸುತ್ತಿಕೊಂಡು ಕೂರುತ್ತೇನೆ. ಪುಣ್ಯಕ್ಕೆ ಕೌದಿಯೂ ನನ್ನ ನೂಲಿನದೇ. ನನ್ನಾಕೆ ಜಡಾವ್‌ಬೆನ್ ಅಂಗಳದಿಂದಲೇ ಛೇಡಿಸಿ ಕೂಗುತ್ತಾಳೆ:

“ರೀ, ಸ್ವರಾಜ್ಯ ಬಂತಂತೆ! ಹೊರಗೆ ಬರ್ತೀರಾ?”

“ಧೋತರ ಒಣಗಿತಾ?”

“ಇಲ್ಲ.”

“ಹಾಗಾದ್ರೆ ಬಂದಿಲ್ಲ ಅಂತ ಹೇಳು.”

ಹೊಸ ರಾಟೆ ಕೊಳ್ಳಬಹುದಲ್ಲ ಎನ್ನುತ್ತೀರಾ? ಅದನ್ನು ಕೆತ್ತಿದ್ದು ನಮ್ಮಪ್ಪ. ಹಿಡಿಕೆಯಲ್ಲಿ ಅವರ ಹೆಬ್ಬೆರಳು ಸವೆಸಿದ ಗುಳಿಯಿದೆ, ಅದರೊಳಗೆ ನನ್ನದು ಕೂರುತ್ತದೆ. ಅದಿಲ್ಲದೆ ಬೆಳಗಾದರೆ ನನಗೆ ಕೈ ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ, ಸಾಹೇಬರೇ. ತಮಾಷೆಯಲ್ಲ, ದುಃಖವಾಗುತ್ತದೆ.

ಇಷ್ಟರಲ್ಲಿ ನಿನ್ನೆ ತಮ್ಮ ಆಮಂತ್ರಣ ಬಂತು. ಬರುವ ಅಕ್ಟೋಬರ್ ಎರಡಕ್ಕೆ, ತಾಲ್ಲೂಕಿನಲ್ಲಿ ಉಳಿದಿರುವ ಏಕೈಕ ನೂಲುಗಾರನೆಂದು, ನನಗೇ ಸನ್ಮಾನವಂತೆ! ಬಹಳ ಸಂತೋಷ. ಕೆಳಗೆ ದಪ್ಪಕ್ಷರದಲ್ಲಿ ‘ಖಾದಿ ಉಡುಪು ಕಡ್ಡಾಯ’ ಎಂದಿದೆ.

ಆದ್ದರಿಂದ ನನ್ನ ಬೇಡಿಕೆ ಒಂದೇ: ಈ ವಾರದೊಳಗೆ ಪೆಟ್ಟಿಗೆಯ ಕೀಲಿ ತೆಗೆಯಿರಿ. ಕೊನೆಯ ಧೋತರ ಆ ದಿನದವರೆಗೆ ಬಾಳುವುದಿಲ್ಲವೆಂದು ಜಡಾವ್‌ಬೆನ್ ಬೆಳಕಿಗೆ ಹಿಡಿದು ನೋಡಿ ಹೇಳಿದ್ದಾಳೆ. ಕೌದಿಯನ್ನು ಅವಳು ಮನೆಯಿಂದ ಹೊರಗೆ ಬಿಡುವುದಿಲ್ಲ. ನಾನು ವ್ರತ ಮುರಿಯುವುದಿಲ್ಲ, ಸನ್ಮಾನವನ್ನೂ ತಪ್ಪಿಸುವುದಿಲ್ಲ. ಸಮಯಕ್ಕೆ ಸರಿಯಾಗಿ ವೇದಿಕೆ ಹತ್ತುತ್ತೇನೆ. ಶಾಲು ಹೊದಿಸುವಾಗ ಅದು ಸ್ವಲ್ಪ ದೊಡ್ಡದಿರಲಿ.

ಇಂತಿ, ಧೋತರ ಒಣಗುವುದನ್ನು ಕಾಯುತ್ತಿರುವ,
ದಲ್‌ಸುಖ್‌ಭಾಯಿ
(ಫೋಟೋದಲ್ಲಿ ತಮ್ಮ ಗುಂಡಿಯಿಂದ ನೂಲು ಬಿಡಿಸುತ್ತಿರುವವನು)