ಕೂಫಾದ ಗೋರಿಗೊಂದು ಸಲಾಂ

ಹಿಲ್ಲಾ, ಹಿಜರಿ ೬೪೦, ರಜಬ್ ತಿಂಗಳು

ಪ್ರೀತಿಯ ಅಣ್ಣಾ,

ಅಲೆಪ್ಪೊದ ಚಳಿಗೆ ನಿನ್ನ ಮಂಡಿನೋವು ಹೇಗಿದೆ? ಅಮ್ಮ ಎರಡು ಹೊತ್ತೂ ಅದನ್ನೇ ಕೇಳುತ್ತಾಳೆ, ಉತ್ತರವನ್ನು ನಾನೇ ಬಚ್ಚಿಟ್ಟುಕೊಂಡಿದ್ದೇನೆ ಎನ್ನುವಂತೆ. ಅವಳು ಗಟ್ಟಿಯಾಗಿದ್ದಾಳೆ, ಖರ್ಜೂರದ ಬೀಜ ಬಿಡಿಸುತ್ತ ನನ್ನನ್ನು ಬೈಯುವಷ್ಟು. ನಾನಂತೂ ಸುಸ್ತಾಗಿ ಹೋಗಿದ್ದೇನೆ.

ಮುಖ್ತಾರನ ಪರವಾಗಿ ಬರೆಯುತ್ತಿರುವ ನನ್ನ ಪುಸ್ತಕ ಇನ್ನೂ ಮುಗಿದಿಲ್ಲ. ಪ್ರವಾದಿಯ ಮೊಮ್ಮಗ ಇಮಾಮ್ ಹುಸೇನರನ್ನು ಕೊಂದವರನ್ನು ಮನೆಮನೆ ಹುಡುಕಿ ಸೇಡು ತೀರಿಸಿದ ಮನುಷ್ಯ. ಐನೂರು ವರ್ಷ ದಾಟಿದರೂ ನಮ್ಮ ವಿದ್ವಾಂಸರಲ್ಲೇ ಕೆಲವರು ಅವನನ್ನು ಹರಸಿ ಬರೆಯುತ್ತಾರೆ, ಕೆಲವರು ಅಧಿಕಾರದ ಆಸೆಗೆ ಇಮಾಮರ ಹೆಸರು ಮಾರಿಕೊಂಡ ಸುಳ್ಳ ಎಂದು ಶಪಿಸುತ್ತಾರೆ. ಮಾತು ಯಾರ ಬಾಯಿಂದ ಯಾರ ಕಿವಿಗೆ ಬಂತು ಎಂದು ಒಬ್ಬೊಬ್ಬರನ್ನೇ ತೂಗಿ ನೋಡಿ, ನಂಬಲಾಗದವರ ಶಾಪಗಳನ್ನೆಲ್ಲ ತೆಗೆದುಹಾಕಿದೆ. ಕೊನೆಗೆ ಒಂದೇ ಉಳಿಯಿತು. ಅದನ್ನು ತಮ್ಮ ಗುರುಗಳಿಂದ ಕೇಳಿದ್ದೆಂದು ಹೇಳಿದವರು ನಮ್ಮ ಅಪ್ಪ.

ಅಪ್ಪನ ಮಾತಿಗೆ ಈ ಊರಲ್ಲಿ ಎದುರಿಲ್ಲ, ನಿನಗೇ ಗೊತ್ತು. ಆದರೆ ಆ ದೊಡ್ಡ ಜ್ವರದ ನಂತರ ಅವರು ನನ್ನನ್ನು ನಿನ್ನ ಹೆಸರಿನಿಂದ ಕರೆಯುತ್ತಿದ್ದರು, ಒಬ್ಬ ಗುರುವಿನ ಮಾತನ್ನು ಇನ್ನೊಬ್ಬರ ಬಾಯಿಗೆ ಹಾಕುತ್ತಿದ್ದರು. ಶಾಪದ ಮಾತು ಜ್ವರಕ್ಕೆ ಮೊದಲಿನದಾದರೆ ನನ್ನ ಪುಸ್ತಕ ಅಲ್ಲಿಗೇ ಬಿತ್ತು. ನಂತರದ್ದಾದರೆ, ಅಪ್ಪನ ಹೆಸರಿನ ಮುಂದೆ 'ಕೊನೆಗಾಲದಲ್ಲಿ ನೆನಪು ಕದಡಿತ್ತು' ಎಂದು ಲೋಕವೆಲ್ಲ ಓದುವಂತೆ ನಾನೇ ಬರೆಯಬೇಕು. ಶೇಖ್ ಇದ್ರೀಸರು ಪಾಠದ ನಡುವೆಯೇ ಕುಟುಕಿದರು: "ಏನಪ್ಪಾ, ಐನೂರು ವರ್ಷದ ಹಿಂದೆ ಸತ್ತವನ್ನ ಎತ್ತಿ ನಿಲ್ಸೋಕೆ ಮೊನ್ನೆ ಸತ್ತ ಅಪ್ಪನ್ನ ಬೀಳಿಸ್ತೀಯಾ?" ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಅತ್ತೆ.

ಅಪ್ಪ ಈ ಶಾಪದ ಮಾತನ್ನು ನಿನಗೆ ಮೊದಲು ಯಾವಾಗ ಹೇಳಿದರು? ನೆನಪಿದ್ದರೆ ಬರೆ. ಇಲ್ಲದಿದ್ದರೆ ನನ್ನ ಸಮಾಧಾನಕ್ಕೆಂದು ಏನೂ ಹೊಂದಿಸಬೇಡ.

ಅತ್ತಿಗೆಗೆ ನಮಸ್ಕಾರ, ಮಕ್ಕಳ ನೆತ್ತಿಗೆ ಮುತ್ತು. ಅಲ್ಲಾಹನು ನಿನ್ನ ಮನೆಯನ್ನೂ ಮಂಡಿಯನ್ನೂ ಕಾಯಲಿ.

ನಿನ್ನ ತಮ್ಮ,
ಸಾಲಿಂ

ಅಣ್ಣಾ, ಕಾಗದ ಒಯ್ಯಬೇಕಿದ್ದ ವ್ಯಾಪಾರಿಗಳು ಇಷ್ಟು ದಿನ ತಡಮಾಡಿ ಈಗ ಹೊರಟಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಈ ನಡುವೆ ಅಮ್ಮನನ್ನು ನಜಫ್ ಯಾತ್ರೆಗೆ ಕರೆದೊಯ್ದಿದ್ದೆ. ಬರುವಾಗ ಕೂಫಾದ ಮಸೀದಿಯ ಬಳಿ ಮುಖ್ತಾರನ ಗೋರಿ ಬಂತು. ಕೊನೆಯ ವರ್ಷಗಳಲ್ಲಿ ಅಪ್ಪನ ಕೈ ಹಿಡಿದು ಹೋಗುವಾಗ ಕಲಿತಂತೆ ನಾನು ಮುಖ ತಿರುಗಿಸಿದೆ. ಅಮ್ಮ ತಾನು ಕೂತಿದ್ದ ಕತ್ತೆಯನ್ನು ನಿಲ್ಲಿಸಿದಳು. "ನೀವಿಬ್ರೂ ಊರಲ್ಲಿ ಓದ್ತಾ ಇದ್ದಾಗ ನಾವಿಬ್ರೇ ಬರ್ತಿದ್ವಲ್ಲ ಮಗಾ, ಆಗೆಲ್ಲ ನಿಮ್ಮಪ್ಪ ಇಲ್ಲಿ ಇಳಿದು ಸಲಾಂ ಹೇಳದೆ ಮುಂದಕ್ಕೆ ಹೋಗ್ತಿರ್ಲಿಲ್ಲ. ಆ ಜ್ವರ ಬಂದು ಹೋದ್ಮೇಲೆ ಬಿಟ್ರು. ಅವರು ಬಿಟ್ಮೇಲೆ ನಾನೊಬ್ಳು ಹೇಳಿದ್ರೆ ಅವರಿಗೆ ಅವಮಾನ ಅಂತ ನಾನೂ ಬಿಟ್ಟೆ." ಹಾಗೆಂದು ಕೈಯೆತ್ತಿ ಸಲಾಂ ಹೇಳಿದಳು.

ಹಾಗಾದರೆ ಶಾಪದ ಮಾತು ಜ್ವರದ ನಂತರದ್ದೇ. ಅಪ್ಪನ ಹೆಸರಿನ ಮುಂದೆ 'ನೆನಪು ಕದಡಿತ್ತು' ಎಂಬ ಆ ಸಾಲು ಬರೆದಿದ್ದೇನೆ. ಅದರ ಕೆಳಗೆ, 'ನೆನಪು ನೆಟ್ಟಗಿದ್ದಾಗ ಈ ಗೋರಿಗೆ ಸಲಾಂ ಹೇಳುತ್ತಿದ್ದರು, ನನ್ನ ತಾಯಿಯಿಂದ ಕೇಳಿದ್ದು' ಎಂದೂ ಬರೆದೆ. ಇನ್ನು ಎಂದಿನಂತೆ ಪುಸ್ತಕವನ್ನು ಗಟ್ಟಿಯಾಗಿ ಓದಿ ತಿದ್ದಬೇಕು. ಅಮ್ಮ ಒಳಗೆ ಕೂತು ಕೇಳುತ್ತಿರುತ್ತಾಳೆ. ಎರಡು ಸಲ ಕೂತೆ, ಅವಳಿಗೆ ಕೇಳುವಂತೆ ಆ ಮೊದಲ ಸಾಲು ನನ್ನ ಬಾಯಿಂದ ಹೊರಡಲಿಲ್ಲ. ನೀನು ಬಂದು ಓದಣ್ಣಾ.