ಕಂಕುಳ ಹೊಲಿಗೆ

ಕೋವಿಲ್‌ಪಟ್ಟಿ
9 ಆಗಸ್ಟ್ 2019

ತಂಗಿ ಮಾಡತ್ತಿಗೆ,

ಹೇಗಿದ್ದೀಯ? ಮಂಡಿನೋವು ಇಳಿಯಿತೇ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ತಪ್ಪು ನನ್ನದೇ. ಫೋನಿನಲ್ಲಿ ನಾನು ಕೂಗುತ್ತೇನೆ, ನೀನು ಇಟ್ಟುಬಿಡುತ್ತೀಯ. ಕಾಗದವಾದರೆ ಕೊನೆಯವರೆಗೂ ಓದುತ್ತೀಯ. ಜೂನ್‌ನಿಂದ ನಮ್ಮ ಹೊಲಿಗೆ ಸಂಘದಲ್ಲಿ ಶಾಲೆಯ ಸಮವಸ್ತ್ರದ ಕೆಲಸ, ತಲೆ ಎತ್ತಲು ಬಿಡುವಿರಲಿಲ್ಲ.

ತಲೆ ಎತ್ತಿದ ಮೇಲೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಎದುರಿನ ಶಾಲೆಗೆ ಜೆಸಿಂತಾ ಅಂತ ಹೊಸ ಆಟದ ಟೀಚರ್ ಬಂದಿದ್ದಾಳೆ. ಪ್ರತಿ ಮಗುವೂ ದಿನಕ್ಕೆ ಒಂದು ಪಿರಿಯಡ್ ಬೆವರಲೇಬೇಕು ಅನ್ನುವವಳು. ಎಲ್ಲರೂ ಓಡುತ್ತಾರೆ. ಎಂಟನೇ ಕ್ಲಾಸಿನ ಹನ್ನೊಂದು ಹುಡುಗಿಯರು ಮಾತ್ರ ಎರಡನೇ ಪಂಕ್ತಿಗೆ ಕಾದವರ ಹಾಗೆ ಬೇವಿನ ಮರದಡಿ ಕೂತಿರುತ್ತಾರೆ. ದಿನಾ ಅವರೇ. ಕೇಳಿದರೆ ಹೊಟ್ಟೆನೋವಂತೆ. ಹನ್ನೊಂದು ಹೊಟ್ಟೆ ಒಟ್ಟಿಗೇ ಹೇಗೆ ನೋಯುತ್ತವೆ? ನನಗೆ ತಡೆಯಲಾಗಲಿಲ್ಲ, ಹೋದೆ.

"ಬೈದೆ, ಬೇಡ್ಕೊಂಡೆ, ಕಡ್ಲೆಮಿಠಾಯಿ ಆಸೆ ತೋರಿಸ್ದೆ. ತಿಂದು ಮತ್ತೆ ಕೂತ್ಕೊಂಡ್ರು ಆಚ್ಚಿ," ಅಂದಳು ಜೆಸಿಂತಾ. ಈಗ ಇಲ್ಲಿ ಎಲ್ಲರಿಗೂ ನಾನು ಅಜ್ಜಿಯೇ. ಶುಕ್ರವಾರದೊಳಗೆ ಇವರು ಓಡದಿದ್ದರೆ ಆ ಪಿರಿಯಡ್ ಗಣಿತಕ್ಕೆ ಅಂತ ಹೆಡ್‌ಮಾಸ್ಟರು ಹೇಳಿಬಿಟ್ಟಿದ್ದರು. "ಆ ಹುಡುಗಿ ಇಸಕ್ಕಿನ ನೋಡಿ, ಹದಿಮೂರು ವರ್ಷಕ್ಕೇ ಮೆಟ್ಟಿಲು ಹತ್ತೋಕೆ ಏದುಸಿರು. ಈ ಒಂದು ಪಿರಿಯಡ್ಡೂ ಹೋದ್ರೆ ಇವರ ಕಥೆ ಏನು?" ಅಂದಳು.

ನಾನು ಮರದ ಹತ್ತಿರ ಹೋಗಿ ಗದರಿಸಿದೆ. "ಏನ್ರೇ, ಕೂತಲ್ಲೇ ಬೇರು ಬಿಟ್ಟಿದ್ದೀರಾ?"

ಇಸಕ್ಕಿ ಅಂದಳು, "ನಮಗೂ ಆಸೆ ಆಚ್ಚಿ. ಕೈ ಎತ್ತೋಕಾಗಲ್ಲ."

"ಕೈಗೇನು ಬಂತೇ ದೊಡ್ಡ ರೋಗ?"

"ಕೈಗಲ್ಲ, ಕೋಟಿಗೆ."

ಚೂಡಿದಾರದ ಮೇಲೆ ಹಾಕುವ ತೋಳಿಲ್ಲದ ಕೋಟು. ಅವಳು ಕೈಯನ್ನು ಭುಜದವರೆಗೆ ಎತ್ತಿದಳು. ಪರ್ ಅಂತ ಕಂಕುಳಲ್ಲಿ ಹೊಲಿಗೆ ಬಿಟ್ಟಿತು. "ಮೊದಲ್ನೇ ದಿನ ಹೀಗೇ ಆಯ್ತು. ಹುಡುಗ್ರು ಈಗ್ಲೂ ನನ್ನ 'ಪರ್ ಪರ್' ಅಂತಾನೇ ಕರೀತಾರೆ."

ಪಕ್ಕದವಳು ಸೇರಿಸಿದಳು, "ಇದನ್ನ ಹೊಲಿದವಳ ಕೈ ಬಿದ್ದುಹೋಗ!"

ಕೋಟು ಬಿಚ್ಚಿಸಿ ಒಳಮೈ ತಿರುಗಿಸಿದೆ. ನನ್ನ ಹೊಲಿಗೆ ನನಗೆ ಗೊತ್ತಾಗದೇ? ನನ್ನದೇ. ಎಂಟನೇ ಕ್ಲಾಸಿಗೆ ಒಂದೇ ಅಳತೆ ಅಂತ ಚೀಟಿ ಬರುತ್ತದೆ, ಹಾಗೇ ಕತ್ತರಿಸುತ್ತೇನೆ. ಒಳಗೆ ಬೆಳೆಯುವ ಮೈ ಇರುತ್ತದೆ ಅಂತ ಇಷ್ಟು ವರ್ಷದಲ್ಲಿ ಒಮ್ಮೆಯೂ ಯೋಚಿಸಿದವಳಲ್ಲ. ಬಾಯಿ ಬಿಡಲಿಲ್ಲ ಅಂತ ಆ ಮಕ್ಕಳಿಗೇ ಐದು ನಿಮಿಷ ಬೈದೆ. ಬೇರೆ ಯಾರಿಗೆ ಬೈಯಲಿ?

ಬುಧವಾರ ಹನ್ನೊಂದು ಕೋಟನ್ನೂ ತಂದು, ಕಂಕುಳು ಬಿಚ್ಚಿ, ಒಂದೊಂದು ತುಂಡು ಬಟ್ಟೆ ಸೇರಿಸಿ ಅಗಲ ಮಾಡಿದೆ. "ಬಣ್ಣ ಹೊಂದಲ್ಲ ಪೇಚ್ಚಿ," ಅಂತ ಸಂಘದ ಅಧ್ಯಕ್ಷೆ ಮೂಗು ಮುರಿದಳು. "ಮೈಗೆ ಹೊಂದುತ್ತೆ, ಹೋಗೇ," ಅಂದೆ.

ಇವತ್ತು ಹನ್ನೊಂದು ಮಂದಿಯೂ ಎದ್ದರು. ಚೆನ್ನಾಗಿ ಓಡಿದರು ಅಂತ ಹೇಳಲಾರೆ, ಹಸುಗಳ ಹಾಗೆ ಅಡ್ಡಾದಿಡ್ಡಿ ನುಗ್ಗಿದರು. ಇಸಕ್ಕಿ ಒಂದು ಸುತ್ತು ಮುಗಿಸಿ ಬಗ್ಗಿ ನಿಂತು ನಕ್ಕಳು. ಒಬ್ಬ ಹುಡುಗ 'ಪರ್' ಅಂದ. ನಾನು ಕೂಗಿದ ಕೂಗಿಗೆ ಎಡವಿ ಬಿದ್ದ. ಸೀಮೆಸುಣ್ಣ ಹಿಡಿದು ಕಾದಿದ್ದ ಗಣಿತದ ಮೇಷ್ಟ್ರು ಒಳಗೆ ಹೋದರು. ಮುಂದಿನ ಸಲ ಟೇಪು ಹಿಡಿದು ನಾನೇ ಹೋಗಿ ಒಬ್ಬೊಬ್ಬಳ ಅಳತೆ ತೆಗೆಯುತ್ತೇನೆ.

ನೀನೂ ಕೂತಲ್ಲೇ ಕೂರಬೇಡ, ದಿನಾ ನಡೆ. ನಿನ್ನ ಮಕ್ಕಳು ಗಟ್ಟಿಮುಟ್ಟಾಗಿರಲಿ, ನಿನಗೆ ನನ್ನ ಆಯಸ್ಸೂ ಸೇರಲಿ.

ನಿನ್ನ ಅಕ್ಕ,
ಪೇಚ್ಚಿಯಮ್ಮಾಳ್

ತಾ.ಕ.: ಕೈಗೂಸಾಗಿದ್ದ ನಿನ್ನನ್ನು ನೋಡಿಕೊಳ್ಳಲಿಕ್ಕೆ ಏಳನೇ ಕ್ಲಾಸಿಗೇ ಶಾಲೆ ಬಿಟ್ಟೆ ಅಂತ ಐವತ್ತು ವರ್ಷ ಹೇಳಿಕೊಂಡು ಬಂದೆನಲ್ಲ, ಸುಳ್ಳು. ಅಮ್ಮ ಹೋಗು ಅಂತಲೇ ಹೇಳುತ್ತಿದ್ದಳು. ಓಟದ ದಿನ ಎಲ್ಲರೆದುರು ನನ್ನ ಲಂಗ ಹರಿದು ನಗೆಪಾಟಲಾಯಿತು. ಮರುದಿನದಿಂದ ನಾನೇ ಹೋಗಲಿಲ್ಲ. ಕೇಳಿದವರಿಗೆಲ್ಲ ನಿನ್ನನ್ನು ತೋರಿಸಿದೆ. ನಿನಗೆ ಟೀಚರ್ ಕೆಲಸ ಸಿಕ್ಕ ದಿನ ನೀನು ನನ್ನ ಕಾಲಿಗೆ ಬಿದ್ದು, "ನಿನ್ನ ಓದನ್ನ ನಾನು ತಿಂದ್ಬಿಟ್ಟೆ ಅಕ್ಕಾ," ಅಂತ ಅತ್ತೆ. ನಾನು ತಲೆ ಸವರಿ ಸುಮ್ಮನಿದ್ದೆ. ನೀನು ಏನೂ ತಿಂದಿಲ್ಲ ಮಾಡತ್ತಿ.