ಕುದಿಸಿದ ಮೊಸರಿಗೆ ಸಿಕ್ಕ ಪರವಾನಗಿ

ಮಾನ್ಯ ಆಹಾರ ಪರವಾನಗಿ ಅಧಿಕಾರಿಗಳೇ,

ಸಾಮ್ತ್ರೇದಿಯಾ ಪಟ್ಟಣದ ರೈಲ್ವೆ ಕ್ಯಾಂಟೀನಿನಲ್ಲಿ ನಾನು ಬಡಿಸುತ್ತಿದ್ದ ಮೊಸರಿನ ಸಾಸನ್ನು ತಾವು ನಿಷೇಧಿಸಿದ್ದೀರಿ. ಕಾರಣ, ಅದರಲ್ಲಿ ಜೀವಂತ ಸೂಕ್ಷ್ಮಜೀವಿಗಳು ಪತ್ತೆಯಾಗಿವೆಯಂತೆ. ಈ ಮಹಾ ಸಂಶೋಧನೆಗೆ ಅಭಿನಂದನೆಗಳು. ಮೊಸರಿನಲ್ಲಿ ಜೀವವಿದೆ ಎಂದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಮೂರು ಸಹಿ ಹಾಕಿ ಅದನ್ನು ಅಪರಾಧವೆಂದು ಸಾಬೀತುಪಡಿಸಿದವರು ಮಾತ್ರ ತಾವೇ ಮೊದಲಿಗರು.

ಎಂಜಿನ್ ಚಾಲಕ ಜುಂಬೇರ್ ಇಪ್ಪತ್ತು ವರ್ಷಗಳಿಂದ ನಮ್ಮಲ್ಲೇ ಉಣ್ಣುವವರು. ಬೇಯಿಸಿದ ಕಾಳಿಗೂ ಮೇಯನೇಸ್, ಮೀನಿಗೂ ಮೇಯನೇಸ್, ಕಲ್ಲಂಗಡಿಯೊಂದು ಬಚಾವಾಗಿತ್ತು. ಕಳೆದ ವಸಂತದ ವೈದ್ಯಕೀಯ ತಪಾಸಣೆಯಲ್ಲಿ ರಕ್ತದೊತ್ತಡ ಕಂಡು ಅವರನ್ನು ಎಂಜಿನ್ನಿನಿಂದ ಇಳಿಸಿ ಗೇಟು ಕಾಯಲು ಕೂರಿಸಿದರು. ಅಂದು ಊಟಕ್ಕೆ ಬಂದವರು, "ತ್ಸಿಸಾನಾ, ಡಾಕ್ಟ್ರು ಉಪ್ಪು ಬೇಡ, ಕೊಬ್ಬು ಬೇಡ ಅಂದ್ರು. ಉಳಿದಿದ್ದು ತಟ್ಟೆ ಒಂದೇ. ಅದನ್ನೇ ತಿನ್ಲಾ?" ಎಂದರು. ನಗಲಾಗಲಿಲ್ಲ. ಇಷ್ಟು ವರ್ಷ ಉಪ್ಪು, ಕೊಬ್ಬು ತುಂಬಿದ ಆ ಮೇಯನೇಸ್ ಡಬ್ಬಿಯನ್ನು ಅವರ ಮುಂದಿಟ್ಟವಳು ನಾನೇ ಅಲ್ಲವೇ?

ನನ್ನ ಅಕ್ಕನ ಮಗಳು ಏಕಾ ಡೈರಿಯಲ್ಲಿ ತಂತ್ರಜ್ಞೆ. ಮೇಯನೇಸ್ ಬದಲಿಗೆ ಬೇರೊಂದು ಸಾಸ್ ಮಾಡಲು ರಜೆಯ ದಿನಗಳಲ್ಲಿ ಇಬ್ಬರೂ ಕೂತೆವು. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರಿಗೆ ಅಗಸೆಪುಡಿ ಬೆರೆಸಿದರೆ ಗೋಂದಾಯಿತು. ತುರಚೆ ಸೊಪ್ಪು ಬೇಯಿಸಿ ಹಾಕಿದರೆ ಕೆರೆಯ ಪಾಚಿಯಾಯಿತು.

"ಏನಮ್ಮಾ, ಇದು ನಂಗಾ, ನಿಮ್ಮನೆ ಎಮ್ಮೆಗಾ?" ಎಂದರು ಜುಂಬೇರ್.

"ಎಮ್ಮೆ ಬೇಡ ಅಂತು ಮಾವಾ, ಅದಕ್ಕೇ ನಿಮಗೆ ತಂದೆ," ಎಂದಳು ಏಕಾ.

ಅಗಸೆ ತಗ್ಗಿಸಿ, ಅಕ್ರೋಟು, ಬೆಳ್ಳುಳ್ಳಿ, ಪುದೀನ ಸೇರಿಸಿದ ಹನ್ನೊಂದನೆಯ ಸಲ ಜುಂಬೇರ್ ರೊಟ್ಟಿಚೂರಿನಿಂದ ಬಟ್ಟಲನ್ನು ಒರೆಸಿ ತಿಂದರು. ಮೂರು ತಿಂಗಳು ಇಡೀ ಪಾಳಿ ಅದನ್ನೇ ತಿಂದಿತು. ಒಬ್ಬರಿಗೂ ಹೊಟ್ಟೆ ಕೆಡಲಿಲ್ಲ. ಕ್ಷಮಿಸಿ, ಇದನ್ನು ಬರೆಯಲು ತಮ್ಮ ವರದಿಯಲ್ಲಿ ಜಾಗವಿಲ್ಲ.

ಆಮೇಲೆ ತಮ್ಮವರು ಬಂದು ಮಾದರಿ ಒಯ್ದರು. ಹಿಂದೆಯೇ ನಿಷೇಧ ಬಂತು. ಆ ಕಾಗದ ಹಿಡಿದು ತಮ್ಮ ಕಚೇರಿಗೆ ಬಂದಾಗ ಗುಮಾಸ್ತರು ನಿಯಮದ ಪುಸ್ತಕ ತೆರೆದರು.

"ಸಾಸ್ ಅಂದ್ಮೇಲೆ ಜೀವಾಣು ಇರ್ಬಾರ್ದಮ್ಮ."

"ಇದು ಮೊಸರಲ್ವಾ ಸ್ವಾಮಿ?"

"ಮೊಸರಾದ್ರೆ ಬೆಳ್ಳುಳ್ಳಿ ಯಾಕಿದೆ?"

"ಹಾಗಾದ್ರೆ ಏನ್ ಮಾಡ್ಲಿ?"

"ಚೆನ್ನಾಗಿ ಕುದ್ಸಿ ತನ್ನಿ."

ಕುದಿಸಿದೆ, ಮಾನ್ಯರೇ. ನೀರು ಒಂದು ಕಡೆ, ಗಂಟು ಒಂದು ಕಡೆ ಆಯಿತು. ಸೊಪ್ಪು ಬೂದಿಬಣ್ಣಕ್ಕೆ ತಿರುಗಿತು. ಅದನ್ನೇ ತಂದೊಪ್ಪಿಸಿದ ಒಂಬತ್ತೇ ದಿನದಲ್ಲಿ ತಮ್ಮ ಆದೇಶ ಬಂತು: "ಸುರಕ್ಷಿತ. ಬಡಿಸಲು ಅನುಮತಿಸಿದೆ." ತಮ್ಮಲ್ಲಿ ಒಬ್ಬರಾದರೂ ಅದನ್ನು ನಾಲಿಗೆಗೆ ಮುಟ್ಟಿಸಿದರೇ? ನಾನು ಕಾನೂನು ಪಾಲಿಸುವವಳು, ಬಡಿಸಿದೆ. ಜುಂಬೇರ್ ಮೂಸಿ ನೋಡಿ, ಬಟ್ಟಲು ಸರಿಸಿ, ಎದುರಿನ ಅಂಗಡಿಯಿಂದ ಮೇಯನೇಸ್ ತಂದರು.

"ಬೈಬೇಡ ತ್ಸಿಸಾನಾ. ನಿನ್ನ ಸಾಸಿಗೂ ಸರ್ಕಾರದ ಸೀಲಿದೆ, ಈ ಮೇಯನೇಸಿಗೂ ಇದೆ. ಇದಕ್ಕೆ ರುಚಿಯಾದ್ರೂ ಇದೆ."

ಅವರು ಮತ್ತೆ ಎಂಜಿನ್ ಹತ್ತಬೇಕಾದರೆ ಅಕ್ಟೋಬರ್ ತಪಾಸಣೆಯಲ್ಲಿ ಪಾಸಾಗಬೇಕು. ನನ್ನ ಸಾಸ್ ರೋಗ ವಾಸಿಮಾಡುತ್ತದೆ ಎಂದು ನಾನು ಹೇಳುತ್ತಿಲ್ಲ. ಅಂಥ ಸುಳ್ಳಿಗೆ ತಮ್ಮಲ್ಲಿ ಬೇರೆ ಅರ್ಜಿ ಇರಬಹುದು. ನನ್ನ ಬೇಡಿಕೆ ಇಷ್ಟೇ: ಜೀವಾಣು ಎಷ್ಟಿವೆ ಎಂದು ಕೇಳುವ ಮುನ್ನ, ಯಾವುವು ಎಂದು ಕೇಳುವ ಒಂದು ಸಾಲನ್ನು ತಮ್ಮ ನಮೂನೆಗೆ ಸೇರಿಸಿ. ಅಕ್ಟೋಬರ್‌ಗೆ ಮುನ್ನ ಸೇರಿಸಿ. ಫೈಲು ಕಾಯುತ್ತದೆ, ಮನುಷ್ಯನ ರಕ್ತದೊತ್ತಡ ಕಾಯುವುದಿಲ್ಲ.

ಇಂತಿ,
ತಮ್ಮ ಮೊಹರಿನ ಶ್ರೀರಕ್ಷೆಯಲ್ಲಿ ಒಡೆದ ಮೊಸರು ಬಡಿಸುತ್ತಿರುವ
ಅಡುಗೆಯ ತ್ಸಿಸಾನಾ